ಇಬ್ಬರಿಗೆ ಮಾತ್ರ ಗೊತ್ತಿರಬೇಕಾದ ಪುಸ್ತಕ

ಮಳೆಗಾಲಕ್ಕೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕೊಲ್ಲೂರಿನಲ್ಲಿ ನಮಗಿರುವುದು ಎರಡೇ ಕೆಲಸ: ಕರೆಂಟು ಬಂತೇ ಎಂದು ನೋಡುವುದು, ಹೋಯಿತೇ ಎಂದು ನೋಡುವುದು. ಈ ಬಿಡುವಿಗೆಂದೇ ಮನೆಯವರು ಹೂಡಿದ ಆಟ ಕಥೆಗಳ ಕೊಡುಕೊಳ್ಳುವಿಕೆ. ಚೀಟಿಯಲ್ಲಿ ಒಬ್ಬರು ತಮಗಿಷ್ಟದ ಪುಸ್ತಕವನ್ನೋ ಸಿನಿಮಾವನ್ನೋ ಬರೆದು ಒಂದು ಪಾತ್ರ ಸೂಚಿಸಬೇಕು. ಚೀಟಿ ಎತ್ತಿದವರು ಆ ಪಾತ್ರಕ್ಕೆ ಹೊಸ ಕಥೆ ಕಟ್ಟಿಕೊಡಬೇಕು. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದೇನು ಹೊಸದೇ? ಭಾಗವತರು ಒಂದು ಪದ್ಯ ಹೇಳಿಬಿಟ್ಟರೆ ಸಾಕು, ವ್ಯಾಸರಿಗೂ ತೋಚದ ಸಮರ್ಥನೆಗಳನ್ನು ನಮ್ಮ ಕೌರವ ಅರ್ಧ ಗಂಟೆ ಕೊಡುತ್ತಾನೆ. 2004ರ ‘ಆಪ್ತಮಿತ್ರ’ದ ನಾಗವಲ್ಲಿ ಕೂಡ ಬಡಗುತಿಟ್ಟಿನ ರಂಗಕ್ಕೆ ಬಂದು ಕುಣಿದವಳೇ.

ನಿಯಮ ಒಂದೇ, ಮೂಲಕೃತಿ ಹೆಚ್ಚು ಜನಕ್ಕೆ ಗೊತ್ತಿರಬಾರದು. ಜಗಳವೆಲ್ಲ ಅದರಿಂದಲೇ.

ಭಾವ ‘ಕಾಂತಾರ’ ಎಂದು ಬರೆದರು. ಅದು ಗೊತ್ತಿಲ್ಲದಿದ್ದರೆ ಸೌಪರ್ಣಿಕೆಯ ಮೀನುಗಳಿಗೆ ಮಾತ್ರ ಎಂದೆವು. ಕೆರಾಡಿಯ ಚಿತ್ರೀಕರಣದ ಗುಂಪಿನಲ್ಲಿ ತಮ್ಮ ಬೆನ್ನು ಬಂದಿದೆ, ಆ ಬೆನ್ನು ಯಾರಿಗೂ ಗೊತ್ತಿಲ್ಲವಲ್ಲ ಎಂದು ಅವರ ವಾದ. ಅತ್ತಿಗೆಯ ‘ಮೂಕಜ್ಜಿಯ ಕನಸುಗಳು’ ಕೂಡ ಬಿದ್ದುಹೋಯಿತು. 1977ರಲ್ಲಿ ಕಾರಂತರಿಗೆ ಜ್ಞಾನಪೀಠ ತಂದ ಕಾದಂಬರಿ ಅಜ್ಞಾತವಾಗುವುದು ಹೇಗೆ? ಅತ್ತಿಗೆ ಬಿಡಲಿಲ್ಲ: “ಮೂಕಜ್ಜಿ ಎಲ್ಲರಿಗೂ ಗೊತ್ತು. ತಿಪ್ಪಜ್ಜಿ ಎಷ್ಟು ಜನಕ್ಕೆ ಗೊತ್ತು?” ಎಣಿಸಬೇಕಾದ್ದು ಪುಸ್ತಕದ ಖ್ಯಾತಿಯನ್ನೋ ಪಾತ್ರದ ಖ್ಯಾತಿಯನ್ನೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ನನ್ನ ಆಯ್ಕೆ ಮಾತ್ರ ಭದ್ರವಾಗಿತ್ತು. ಕಾರಂತರೇ 1930ರಲ್ಲಿ ಮಾಡಿದ ಮೂಕಿಚಿತ್ರ ‘ಡೊಮಿಂಗೊ’. ಮನೆಯಲ್ಲಿ ಯಾರೂ ನೋಡಿದ್ದಲ್ಲ, ಮೇಲಾಗಿ ಮಾತೇ ಇಲ್ಲ; ನಾನು ಏನು ಬರೆದರೂ ಅದು ಮೂಲಕ್ಕೆ ವಿರೋಧವಲ್ಲ. ಚಿಕ್ಕಮ್ಮ ಕನ್ನಡಕ ಮೇಲೇರಿಸಿ ಕೇಳಿದರು: “ಕಾಣ್ದಿದ್ ಸಿನ್ಮಾಕ್ಕೆ ನೀ ಅಭಿಮಾನಿ ಆದ್ದ್ ಹ್ಯಾಂಗ್ ಮಾರಾಯಾ?”

ಸರಿ, ಕಾರಂತರದ್ದೇ ‘ಕುಡಿಯರ ಕೂಸು’ ಇರಲಿ ಎಂದೆ. ಅದನ್ನು ಅವರೇ ‘ಮಲೆಯ ಮಕ್ಕಳು’ ಎಂದು ತೆರೆಗೂ ತಂದಿದ್ದರು. ನಿಯಮದ ನಿಜವಾದ ಸಿಕ್ಕು ಕಂಡದ್ದು ಆಗ. ಪುಸ್ತಕ ಯಾರಿಗೂ ಗೊತ್ತಿರಬಾರದು, ಆದರೆ ಕೇಳಿದವನಿಗೂ ಬರೆಯುವವಳಿಗೂ ಗೊತ್ತಿರಲೇಬೇಕು. ಹಾಗೆಂದು ಅತ್ತಿಗೆಗೆ ಓದಲು ಕೊಟ್ಟೆ. ಅವರಿಂದ ಅದು ಭಾವನಿಗೆ, ಭಾವನಿಂದ ಪಕ್ಕದ ಮನೆಗೆ ಹೋಯಿತು. ಮರಳಿ ಬರುವಷ್ಟರಲ್ಲಿ ನಮ್ಮ ಕೇರಿಯಲ್ಲೆಲ್ಲ ಕುಡಿಯರದ್ದೇ ಸುದ್ದಿ. ಅತಿ ಜನಪ್ರಿಯವೆಂಬ ಕಾರಣಕ್ಕೆ ಚೀಟಿ ರದ್ದಾಯಿತು. ಕನ್ನಡ ಪ್ರಕಾಶಕರು ಈ ಉಪಾಯವನ್ನು ಗಮನಿಸಬಹುದು.

ಈ ಸಮಸ್ಯೆಗೆ ಒಳದಾರಿ ಕಂಡುಕೊಂಡವರು, ಹಿಂದೆ ಕುಂದಾಪುರದ ಶಾಲೆಯಲ್ಲೂ ಕೆಲಸ ಮಾಡಿದ್ದ ನಂದಳಿಕೆಯ ಕವಿ ಮುದ್ದಣ. ತಾವೇ ಬರೆದು, ಹಳೆಯ ಗ್ರಂಥವೆಂದು ಪತ್ರಿಕೆಗೆ ಕಳಿಸಿಬಿಟ್ಟರು. ಅಜ್ಞಾತ ಮೂಲ ಬೇಕೆಂದರೆ ಅದಕ್ಕಿಂತ ಅಜ್ಞಾತ ಎಲ್ಲಿ ಸಿಕ್ಕೀತು?

ಭಾವನಿಗೂ ಇದು ಹೊಳೆದಿರಬೇಕು. ಮರುವರ್ಷ ಅವರ ಚೀಟಿಯಲ್ಲಿ ನಾವು ಕೇಳಿಯೇ ಇಲ್ಲದ ಕಾದಂಬರಿಯ ಹೆಸರಿತ್ತು. ಗ್ರಂಥಾಲಯದಲ್ಲಿ ಕೇಳಿದೆವು, ಹಳೆ ಪುಸ್ತಕದಂಗಡಿಯಲ್ಲಿ ಹುಡುಕಿದೆವು. ಅಂಥದ್ದೊಂದು ಪುಸ್ತಕ ಇದ್ದರೆ ತಾನೆ ಸಿಗುವುದು! ಚೀಟಿ ಹೋಗಿದ್ದು ಚಿಕ್ಕಮ್ಮನಿಗೆ. ಅವರೇನೂ ವಿಚಲಿತರಾಗದೆ ಹನ್ನೆರಡು ಪುಟ ಬರೆದುಕೊಟ್ಟರು.

ಭಾವ ಪೂರ್ತಿ ಓದಿ, ಗಂಭೀರವಾಗಿ ತಲೆಯಾಡಿಸಿದರು. “ಅಲ್ಲ ಅತ್ತೆ, ಮೂಲದಂಗೆ ಹೀಂಗ್ ಇಲ್ಲೆ.”