ದಂಡಿಲ್ಲದ ಖಾತಿ

(ಕುಷ್ಟಗಿಯ ಒಂದು ಬ್ಯಾಂಕು. ಕೌಂಟರಿನಲ್ಲಿ ಗುಮಾಸ್ತ, ಎದುರಿಗೆ ಪಾಸ್‌ಬುಕ್ ಹಿಡಿದ ಯಲಬುರ್ಗಾ ಕಡೆಯ ಅಜ್ಜ.)

ಅಜ್ಜ: ಸಾಹೇಬ್ರ, ನಾ ಇಟ್ಟಿದ್ದು ಐನೂರು. ಈಗ ನೂರಾ ಹತ್ತು ಅಂತೈತಿ. ಉಳಿದದ್ದು ಯಾರು ಒಯ್ದ್ರು?

ಗುಮಾಸ್ತ: ಯಾರೂ ಒಯ್ದಿಲ್ಲ ಅಜ್ಜಾರ. ಖಾತ್ಯಾಗ ರೊಕ್ಕ ಕಡಿಮಿ ಇತ್ತು, ಅದಕ್ಕ ದಂಡ.

ಅಜ್ಜ: ಕಡಿಮಿ ಐತಂತ ಇದ್ದದ್ದನ್ನೂ ಕಡಿಮಿ ಮಾಡಿದ್ರಿ!

ಗುಮಾಸ್ತ: ಎಸ್ಸೆಮ್ಮೆಸ್ ಖರ್ಚೂ ಐತ್ರಿ.

ಅಜ್ಜ: ‘ನಿನ್ನ ರೊಕ್ಕ ಮುರಕೊಂಡೀವಿ’ ಅಂತ ಹೇಳಾಕೂ ನಂದ ರೊಕ್ಕ?

ಗುಮಾಸ್ತ: ಮಿನಿಮಮ್ ಬ್ಯಾಲೆನ್ಸ್ ಇಡ್ರಿ, ತಂಟೇನ ಇಲ್ಲ.

ಅಜ್ಜ: ಗಂಗಾವತಿಯವ್ರಿಗೆ ಕಾಲುವಿ ನೀರೈತಿ. ನಮ್ಮ ಯಲಬುರ್ಗಾದಾಗ ಮಳೀನ ಮಿನಿಮಮ್ ಇಡಂಗಿಲ್ಲ, ನಾ ಎಲ್ಲಿಂದ ಇಡ್ಲಿ?

ಗುಮಾಸ್ತ: ನಿಯಮ ನಂದಲ್ರಿ.

ಅಜ್ಜ: ಸ್ಟೇಟ್ ಬ್ಯಾಂಕಿನವ್ರು 2020ರಾಗ, ಕೆನರಾದವ್ರು 2025ರಾಗ ಈ ದಂಡ ಬಿಟ್ಟಾರಂತ. ಕೊಪ್ಪಳದಾಗ ಓದೂ ಮೊಮ್ಮಗಳು ಹೇಳಿದ್ಲು. ‘ಬೇಸಿಕ್ ಖಾತಿ’ ಕೇಳು, 2012ರಿಂದ ರಿಸರ್ವ್ ಬ್ಯಾಂಕಿನ ಹುಕುಮೈತಿ, ಸೊನ್ನಿ ಇದ್ರೂ ದಂಡಿಲ್ಲ, ಎಟಿಎಂ ಕಾರ್ಡೂ ಪುಕ್ಕಟೆ ಅಂದ್ಲು.

ಗುಮಾಸ್ತ: (ದನಿ ತಗ್ಗಿಸಿ) ಅದರಾಗ ತಿಂಗಳಿಗೆ ನಾಕ ಸಲ ಅಷ್ಟ ಪುಕ್ಕಟೆ ರೊಕ್ಕ ತಗಿಯಾಕ ಬರೋದು.

ಅಜ್ಜ: ಐದನೇ ಸಲ ತಗಿಯೂವಷ್ಟು ರೊಕ್ಕ ಇದ್ರ ಈ ಖಾತಿ ಯಾಕ ಕೇಳ್ತಿದ್ದೆ?

ಗುಮಾಸ್ತ: ಒಂದ ಬ್ಯಾಂಕಿನ್ಯಾಗ ಇದರ ಜೋಡಿ ಇನ್ನೊಂದು ಉಳಿತಾಯ ಖಾತಿ ನಡಿಯಂಗಿಲ್ಲ.

ಅಜ್ಜ: ಒಂದನ್ನ ಸಾಕಾಕ ಆಗವಲ್ದು, ಎರಡು ಯಾರಿಗೆ ಬೇಕು? ಇದನ್ನ ಬದ್ಲಿ ಮಾಡ್ರಿ.

ಗುಮಾಸ್ತ: ಅರ್ಜಿ ಕೊಡ್ರಿ, ಆಗ್ತೈತಿ.

ಅಜ್ಜ: ಇಷ್ಟು ದಿನ ಯಾಕ ಹೇಳ್ಲಿಲ್ಲ?

ಗುಮಾಸ್ತ: ನೀವು ಕೇಳ್ಲಿಲ್ಲ.

ಅಜ್ಜ: ದಂಡ ಮುರಕೊಳ್ಳೂ ಮುಂದ ನನ್ನ ಕೇಳಿದ್ರೇನು?