ಮಂಡೂಕಶಾಸ್ತ್ರಿ

ವಿಕಾಸವಾದವನ್ನು ವ್ಯಾಸಂಗಕ್ಕೆ ಆರಿಸಿಕೊಂಡು, ಡಾಕ್ಟರೇಟು ಕೈಸೇರುವ ಮೊದಲೇ ಸಕಲ ಚರಾಚರಗಳ ಹೇತುವನ್ನು ಅರಿತವರಂತೆ ಸಂಚರಿಸುವ ತರುಣರು ಈಚೆಗೆ ಮನೆಗೊಬ್ಬರಲ್ಲದಿದ್ದರೂ ಮನೆತನಕ್ಕೊಬ್ಬರಂತೆ ಕಾಣಿಸಿಕೊಳ್ಳತೊಡಗಿದ್ದಾರೆ. ಹಲವು ಜೇಬುಗಳ ಷರಾಯಿ, ಕಣಕಾಲಿನ ಮೇಲೆ ಇಂಬಳ ಕಚ್ಚಿದ ಕಲೆಗಳು, ಥೀಸಿಸ್ಸಿನ ಪ್ರಸ್ತಾಪ ಬಂದೊಡನೆ ಹವೆಯ ಕಡೆಗೆ ಹೊರಳುವ ಮಾತು, ಇವು ಈ ವರ್ಗದ ಲಕ್ಷಣಗಳು.

ನಮ್ಮ ಪೈಕಿಯವನನ್ನು ಹಿರಿಯರು ಮಂಡೂಕಶಾಸ್ತ್ರಿಯೆಂದೇ ಕರೆಯುತ್ತಾರೆ. ಅವನ ವಿಷಯ, 2014ರಲ್ಲಿ ಶಾಸ್ತ್ರೀಯವಾಗಿ ವರ್ಣಿತವಾದ ಕುಂಬಾರ ಕಪ್ಪೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹಳ್ಳದಲ್ಲಿ, ರಾಮಪತ್ರೆ ಮರಗಳ ಬೇರುಗಳ ನಡುವೆ, ಈ ಪ್ರಾಣಿಯ ಗಂಡು ಹಿಂಗಾಲುಗಳ ಮೇಲೆ ನಿಂತು, ಮುಂಗಾಲುಗಳಿಂದ ಕೆಸರನ್ನೆತ್ತಿ, ರೆಂಬೆಗಂಟಿದ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಹಣೆಗೆ ದೀಪ ಕಟ್ಟಿಕೊಂಡು, ಮಳೆಗಾಲದ ನಡುರಾತ್ರಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಉಸಿರು ಬಿಗಿಹಿಡಿದು ನಿಂತು, ‘ಎಡಗೈ, ಬಲಗೈ, ಮತ್ತೆ ಎಡಗೈ’ ಎಂದು ನೆನೆದ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಚಿಕೊಳ್ಳುವ ಈ ಮಹಾನುಭಾವನು, ಮನೆಯ ಹಿತ್ತಿಲ ಗೋಡೆ ಕುಸಿದಾಗ ಒಂದು ಹಿಡಿ ಮಣ್ಣನ್ನೂ ಮೆತ್ತಿದವನಲ್ಲವೆಂಬುದು ಅವನ ತಾಯಿಯ ಆಕ್ಷೇಪ. ಕಪ್ಪೆಗಿರುವ ಗೃಹಕೃತ್ಯದ ಜ್ಞಾನ ಅದನ್ನು ನೋಡಿ ಬರೆದುಕೊಳ್ಳುವವನಿಗೆ ಅಂಟದೆ ಹೋಯಿತಲ್ಲ ಎಂದು ನನಗೂ ಅನ್ನಿಸಿದೆ.

ಆದರೂ ಕಾಡಿನಲ್ಲಿ ಅವನು ನಿರುಪದ್ರವಿ. ಅಪಾಯವಿರುವುದು ಮದುವೆಯ ಪಂಕ್ತಿಯಲ್ಲಿ. ಬಂಧುವಿಗಾಗುವ ಲಾಭವನ್ನು ರಕ್ತಸಂಬಂಧದ ಅಂಶದಿಂದ ಗುಣಿಸಿದಾಗ ಉಪಕಾರಿಯ ನಷ್ಟಕ್ಕಿಂತ ಹೆಚ್ಚು ಬಂದರೆ, ಅಂತಹ ಪರೋಪಕಾರಬುದ್ಧಿ ಸಂತತಿಯಲ್ಲಿ ನೆಲೆಯೂರುವುದೆಂದು ಹ್ಯಾಮಿಲ್ಟನ್ ಎಂಬಾತ 1964ರಲ್ಲಿ ನಿರೂಪಿಸಿದನಷ್ಟೆ. ಇಬ್ಬರು ಒಡಹುಟ್ಟಿದವರಿಗಾಗಿಯಾದರೆ, ಇಲ್ಲವೆ ಚಿಕ್ಕಪ್ಪ ಸೋದರಮಾವಂದಿರ ಎಂಟು ಮಕ್ಕಳಿಗಾಗಿಯಾದರೆ, ತಾನು ಪ್ರಾಣ ಕೊಡಲು ಸಿದ್ಧನೆಂದು ಹಾಲ್ಡೇನ್ ಅದಕ್ಕೂ ಮೊದಲೇ ತಮಾಷೆ ಮಾಡಿದ್ದನೆಂದು ಪ್ರತೀತಿ. ಇದನ್ನು ಹಿಡಿದುಕೊಂಡು ಶಾಸ್ತ್ರಿಯು ಹೋಳಿಗೆಯ ಮಧ್ಯೆ, ದೊಡ್ಡಪ್ಪನ ಮಗಳೂ ಸೋದರಮಾವನ ಮಗಳೂ ತನಗೆ ಅಷ್ಟಮಾಂಶವೇ, ಇಬ್ಬರಲ್ಲಿ ಎಳ್ಳಷ್ಟೂ ಭೇದವಿಲ್ಲವೆಂದು ಸಾರಿದನು. ಒಬ್ಬಳು ತಂಗಿ, ಇನ್ನೊಬ್ಬಳನ್ನು ಇವನಿಗೇ ತರಬೇಕೆಂದು ಹಿರಿಯರ ಗುಟ್ಟಿನ ಏರ್ಪಾಡು! ತುಪ್ಪ ಬಡಿಸುತ್ತಿದ್ದ ಸೋದರತ್ತೆಯ ಮಿಳ್ಳೆ ಎಲೆಯ ಮೇಲೆಯೇ ನಿಂತಿತು.

“ಹಾಗಾದರೆ ನಾನೆಷ್ಟು ಮಾರಾಯ?” ಎಂದರು ಎದುರು ಸಾಲಿನಲ್ಲಿದ್ದ ಅಕ್ಕನ ಗಂಡ.

“ನೀವು ಸೊನ್ನೆ, ಭಾವ.”

(ನಮ್ಮ ಕಡೆಯ ಹಳೆಯ ಕೊಡುಕೊಳೆಗಳನ್ನು ಬಲ್ಲವರು ಅಷ್ಟು ಖಂಡಿತವಾಗಿ ಸೊನ್ನೆಯೆನ್ನಲು ಹೆದರುತ್ತಾರೆ.)

ಫೆಲೋಷಿಪ್ಪಿನ ಹಣ ತಿಂಗಳುಗಟ್ಟಲೆ ನಿಂತಾಗ ಹಾಸ್ಟೆಲಿನ ಬಾಕಿಯನ್ನು ತೀರಿಸಿದವರು ಈ ಸೊನ್ನೆಯೇ ಆಗಿದ್ದುದರಿಂದ, ಪಂಕ್ತಿಗೆ ಪಂಕ್ತಿಯೇ ಶಾಸ್ತ್ರಿಯ ಮುಖ ನೋಡಿತು. ಅವನು ಕಿಂಚಿತ್ತೂ ವಿಚಲಿತನಾಗದೆ, ರಕ್ತಸಂಬಂಧವಿಲ್ಲದವರ ಉಪಕಾರಕ್ಕೆ ಟ್ರಿವರ್ಸ್ 1971ರಲ್ಲಿಯೇ ಸಮಾಧಾನ ಹೇಳಿರುವನೆಂದೂ, ಇಂದು ಪಡೆದವನು ಮುಂದೊಮ್ಮೆ ಹಿಂದಿರುಗಿಸುವನೆಂಬುದೇ ಅದರ ತಳಹದಿಯೆಂದೂ ವಿವರಿಸಿದನು.

“ಮುಂದೊಮ್ಮೆ ಎಂದರೆ ಯಾವ ತಿಂಗಳು ಎಂದು ಆ ಪುಣ್ಯಾತ್ಮ ಬರೆದಿದ್ದಾನೆಯೆ?” ಎಂದರು ಭಾವ.

ಶಾಸ್ತ್ರಿಯು ಪಾಯಸಕ್ಕೆಂದು ದೊನ್ನೆಯನ್ನು ಮುಂದಕ್ಕೆ ಸರಿಸಿದನು.