ಗೌರಿಹೂವಿನ ಲಕ್ಷಣ ಪ್ರಕರಣ

ವಿಷವುಳ್ಳ ಸಸ್ಯಗಳು ಮೂರು ವಿಧ: ರೂಪದಿಂದ ಹೆದರಿಸುವವು, ವಾಸನೆಯಿಂದ ಓಡಿಸುವವು, ಚೆಲುವಿನಿಂದ ಕರೆಯುವವು. ಮುಳ್ಳುಕಾಯಿ ಹೊತ್ತ ದತ್ತೂರ ಮೊದಲನೆಯ ವರ್ಗ. ಎರಡನೆಯದಕ್ಕೆ ಉದಾಹರಣೆ ಹುಡುಕುವ ಕೆಲಸವನ್ನು ಮೂಗು ಚುರುಕಾದ ಶಿಷ್ಯರಿಗೆ ಬಿಡಲಾಗಿದೆ. ಮೂರನೆಯ ವರ್ಗದ ಅರಸಿಯೇ ಗೌರಿಹೂ ಅಥವಾ ಅಗ್ನಿಶಿಖೆ.

ಮೊದಲು ಗತಿ. ಬಳ್ಳಿಗೆ ಕುಡಿ ಬೇರೆಯೇ ಇರಬೇಕು, ಹೀರೆಯನ್ನು ನೋಡಿ ಎಂಬುದು ಪೂರ್ವಪಕ್ಷ. ಗೌರಿಹೂವಿಗೆ ಆ ದುಂದುವೆಚ್ಚ ಬೇಡ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿಯುತ್ತದೆ. ಒಂದೇ ಎಲೆ ಅಡುಗೆಯನ್ನೂ ಮಾಡಬೇಕು, ಏಣಿಯನ್ನೂ ಹಿಡಿಯಬೇಕು.

ಇನ್ನು ವರ್ಣ. ಎಸಳು ಆರು, ಅಂಚು ಅಲೆಅಲೆ. ಹೂ ತಲೆ ತಗ್ಗಿಸುತ್ತದೆ, ಎಸಳುಗಳು ಮಾತ್ರ ಹಿಂದಕ್ಕೆ ಬಾಗಿ ಮೇಲಕ್ಕೇಳುತ್ತವೆ. ವಿನಯ, ಠೀವಿ ಎರಡನ್ನೂ ಒಂದೇ ತೊಟ್ಟಿನಲ್ಲಿ ಸಾಧಿಸಿದ ಉದಾಹರಣೆ ಮನುಷ್ಯರಲ್ಲಿ ಕಡಿಮೆ. ಹಸಿರುಹಳದಿಯಿಂದ ಹೊರಟು ಕಿತ್ತಳೆಯ ದಾರಿಯಾಗಿ ಕಡುಕೆಂಪಿಗೆ ಮುಟ್ಟುವುದರಿಂದ ಬಣ್ಣ ನೋಡಿ ಜಾತಿ ಹೇಳುವವರು ಒಂದೇ ಬಳ್ಳಿಯಲ್ಲಿ ಮೂರು ಜಾತಿ ಎಣಿಸಿಯಾರು. ಶಲಾಕೆಯೋ ಬುಡದಲ್ಲೇ ಪಕ್ಕಕ್ಕೆ ತಿರುಗಿ, ತನ್ನ ಹೂವಿನ ಕೇಸರಗಳಿಗೇ ಮುಖ ಕೊಡದೆ ನಿಲ್ಲುತ್ತದೆ.

ತಮಿಳುನಾಡಿಗೆ ಇದು ರಾಜ್ಯಪುಷ್ಪ, ಜಿಂಬಾಬ್ವೆಗೆ ರಾಷ್ಟ್ರಪುಷ್ಪ. ವಿಷವುಳ್ಳವರಿಗೆ ಪದವಿ ಸಿಗುವುದಕ್ಕೆ ಸಸ್ಯಶಾಸ್ತ್ರದ ಆಧಾರ ಕೇಳುವವರು ಇದನ್ನು ಗಮನಿಸಬಹುದು.

ಪ್ರಕರಣದ ತಿರುಳು ನೆಲದೊಳಗಿದೆ. ನೇಗಿಲಿನಂತೆ ಕವಲೊಡೆದ ಆ ಗಡ್ಡೆಯಲ್ಲಿ ಕೋಲ್ಚಿಸಿನ್ ಎಂಬ ವಿಷ ತುಂಬಿದೆ. ಬೀಜದಲ್ಲೂ ಇದೆ, ಗಿಡದ ಯಾವ ಭಾಗವೂ ಪೂರ್ತಿ ನಿರ್ದೋಷಿಯಲ್ಲ. ಜೀವಕೋಶ ಎರಡಾಗಲು ಹೊರಟಾಗ ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಎಳೆಗಳನ್ನೇ ಈ ವಿಷ ಕಟ್ಟಗೊಡುವುದಿಲ್ಲ. ಹೀಗಾಗಿ ಬೇಗ ಬೇಗ ವಿಭಜನೆಯಾಗುವ ಕರುಳು, ಅಸ್ಥಿಮಜ್ಜೆಗಳಿಗೆ ಮೊದಲ ಪೆಟ್ಟು. ತಿಂದು ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ. ಬದುಕಿ ಉಳಿದವರಿಗೂ ಒಂದೆರಡು ವಾರದಲ್ಲಿ ಕೂದಲು ಉದುರುವುದುಂಟು. ಅದೇ ಕೋಲ್ಚಿಸಿನ್ ವೈದ್ಯರ ಕೈಯಲ್ಲಿ ಗೌಟ್ ಎಂಬ ಕೀಲುನೋವಿನ ಔಷಧ, ತಳಿವಿಜ್ಞಾನಿಯ ಕೈಯಲ್ಲಿ ಗಿಡದ ವರ್ಣತಂತು ದ್ವಿಗುಣಗೊಳಿಸುವ ಉಪಕರಣ. ಬೀಜವಿಲ್ಲದ ಕಲ್ಲಂಗಡಿಯ ಹಿಂದೆಯೂ ಇದರ ಕೈವಾಡವಿದೆ. ತಮಿಳುನಾಡಿನ ರೈತರು ಕೋಲ್ಚಿಸಿನ್ ಇರುವ ಬೀಜಕ್ಕಾಗಿಯೇ ಗೌರಿಹೂವನ್ನು ಬೆಳೆಯುತ್ತಾರೆ.

ಕಡೆಗೆ ಮನುಷ್ಯರ ವರ್ಗೀಕರಣ. ಅದಿಲ್ಲದೆ ಶಾಸ್ತ್ರ ಅಪೂರ್ಣ. ಬೇಲಿಯಾಚೆ ನಿಂತು ನೋಡುವವರು ದರ್ಶಕರು. ಗೌರಿಹಬ್ಬಕ್ಕೆ ಕೊಯ್ದು ದೇವರಿಗೇರಿಸಿ ಕೈ ತೊಳೆಯುವವರು ಅರ್ಚಕರು. ಬುಡ ಅಗೆದು, ಬೆಳ್ಳಗಿದೆ, ಗೆಣಸೇ ಇರಬೇಕು ಎಂದು ಒಲೆ ಹೊತ್ತಿಸುವವರದು ಮೂರನೆಯ ವರ್ಗ, ಅದಕ್ಕೆ ಹೆಸರಿಡಲು ಮನಸ್ಸು ಬಾರದು. ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ಯಾರಾದರೂ ತಿಂದಿದ್ದರೆ ವಾಂತಿಯಾಗಲೆಂದು ಕಾಯಬೇಡಿ, ಉಳಿದ ಗಡ್ಡೆಯನ್ನೂ ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ.